ಚಿತ್ರದ ಅಡುಗೆಮನೆಯಲ್ಲಿ ಅಪ್ಪ

ಅಮೆರಿಕದ ಸಮಾಜಶಾಸ್ತ್ರಜ್ಞೆ ಲೆನೋರ್ ವೈಟ್ಜ್‌ಮನ್ ಮತ್ತು ಸಂಗಡಿಗರು 1972ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚಿತ್ರಪುಸ್ತಕಗಳಿಗೆಂದೇ ಅಲ್ಲಿ ಕೊಡುವ ಕ್ಯಾಲ್ಡೆಕಾಟ್ ಗೌರವ ಪಡೆದ ಅಂದಿನ ಮಕ್ಕಳ ಪುಸ್ತಕಗಳನ್ನು ಮುಂದಿಟ್ಟುಕೊಂಡು ಅವುಗಳೊಳಗಿನ ಗಂಡು ಹೆಣ್ಣುಗಳನ್ನು ಎಣಿಸುವ ಕೆಲಸ. ಗಂಡಸರ ಚಿತ್ರ 261, ಹೆಂಗಸರದು 23. ಪ್ರಾಣಿಗಳ ಕಡೆ ಬಂದರಂತೂ ಒಂದು ಹೆಣ್ಣಿಗೆ 95 ಗಂಡು! ಇಂಥ ಲೆಕ್ಕದಲ್ಲಿ ಕಾಡು ಎಷ್ಟು ದಿನ ಬಾಳೀತೋ ಚಿತ್ರಗಾರರೇ ಹೇಳಬೇಕು. ಉದ್ಯೋಗಕ್ಕೆ ಹೋಗುವ ಹೆಂಗಸು ಆ ಪುಸ್ತಕಗಳಲ್ಲಿ ಒಬ್ಬಳೂ ಇರಲಿಲ್ಲ. ತಿದ್ದಿಕೊಂಡವರೂ ಇದ್ದಾರೆ ಅನ್ನಿ. ಮಕ್ಕಳ ಪುಸ್ತಕಗಳ ಲೇಖಕ ರಿಚರ್ಡ್ ಸ್ಕ್ಯಾರಿಯವರ 1963ರ ಪದಪುಸ್ತಕದಲ್ಲಿ, ಬೆಂಕಿ ಅನಾಹುತದ ಪುಟದಲ್ಲಿದ್ದ ಹೆಣ್ಣು ಬೆಕ್ಕನ್ನು ಚೀರಾಡುವ ಸುಂದರಿ ಎಂದು ಗುರುತಿಸಿದ್ದರು. 1991ರ ಆವೃತ್ತಿ ಬರುವ ಹೊತ್ತಿಗೆ ಅದರ ಸೌಂದರ್ಯವೂ ಹೋಗಿ, ಚೀರಾಟವೂ ಹೋಗಿ, ಅಪಾಯಕ್ಕೆ ಸಿಕ್ಕ ಬೆಕ್ಕಾಗಿ ಉಳಿಯಿತು. ಬೆಂಕಿ ಮಾತ್ರ ಆರಿಲ್ಲ. ನಮ್ಮ ಪಕ್ಕದ ಕೇರಳದಲ್ಲಿ 2024ರಲ್ಲಿ ಮೂರನೇ ತರಗತಿಯ ಪಠ್ಯದಲ್ಲಿ, ಅಡುಗೆಮನೆಯ ನೆಲದಲ್ಲಿ ಕೂತು ಕಾಯಿ ತುರಿಯುವ ಅಪ್ಪನ ಚಿತ್ರ ಹಾಕಿದರು. ಅದು ದೇಶವೆಲ್ಲ ಸುದ್ದಿಯಾಯಿತು. ಒಳ್ಳೆಯದೇ, ಆದರೆ ಸುದ್ದಿಯಾಗುವಂಥದ್ದು ಅದರಲ್ಲೇನಿದೆ ಎಂದೂ ಅನಿಸುತ್ತದೆ. ಮದುವೆಮನೆಯ ಹಿತ್ತಲಲ್ಲಿ ಕೊಪ್ಪರಿಗೆಗಟ್ಟಲೆ ಸಾರು ಕುದಿಸುವ ಅಡುಗೆಭಟ್ಟರು ಗಂಡಸರು, ಉಡುಪಿ ಹೋಟೆಲಿನ ಕಾವಲಿಯ ಮುಂದೆ ಬೆವರೊರೆಸುತ್ತ ದೋಸೆ ಹುಯ್ಯುವವರೂ ಬಹುಮಟ್ಟಿಗೆ ಗಂಡಸರೇ. ಸಂಬಳ ಸಿಗುವ ಒಲೆಯ ಮುಂದೆ ಸಲೀಸಾಗಿ ನಿಲ್ಲುವ ಇದೇ ಮನುಷ್ಯ, ಮಕ್ಕಳ ಪುಸ್ತಕದೊಳಗೆ ಕಾಲಿಟ್ಟ ಕೂಡಲೇ ಪೇಪರ್ ಬಿಡಿಸಿಕೊಂಡು ಕುರ್ಚಿಯಲ್ಲಿ ಕೂತು ಕಾಫಿಗೆ ಕಾಯುತ್ತಾನೆ.