ದೊಡ್ಡ ಬ್ಯಾಟರಿ ತುಂಬಿತ್ತು, ಸಣ್ಣದು ಕೈಕೊಟ್ಟಿತು

ಮೇ ರಜೆಗೆ ಊರಿಗೆ ಹೊರಡುವ ಮುನ್ನ ಗ್ಯಾಸ್ ಬಂದ್ ಮಾಡಿದೆವು, ಫ್ರಿಜ್ ಖಾಲಿ ಮಾಡಿದೆವು, ಬೀಗದ ಕೈಯನ್ನು ಪಕ್ಕದ ಮನೆಯವರಿಗೆ ಕೊಟ್ಟೆವು. ಮುಂಬಯಿ ಸುತ್ತಮುತ್ತಲಿನ ಕನ್ನಡಿಗರ ಮನೆಗಳಲ್ಲಿ ಇದು ವರ್ಷವೂ ನಡೆಯುವ ಕ್ರಮ. ನಾನು ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಎಲೆಕ್ಟ್ರಿಕ್ ಕಾರನ್ನು ಶೇ 80ರಷ್ಟು ಚಾರ್ಜ್ ಮಾಡಿ, ಡೊಂಬಿವಲಿಯ ನಮ್ಮ ಕಟ್ಟಡದ ಕೆಳಗೆ ನಿಲ್ಲಿಸಿ, ನಿಶ್ಚಿಂತೆಯಿಂದ ರೈಲು ಹತ್ತಿದ್ದೆ.

24 ದಿನಗಳ ನಂತರ ಅಮ್ಮನನ್ನೂ ಕರೆದುಕೊಂಡು ಮತ್ಸ್ಯಗಂಧದಲ್ಲಿ ಬೆಳಗಿನ ಜಾವ ಥಾಣೆಯಲ್ಲಿಳಿದು, ಲೋಕಲ್ ಹಿಡಿದು ಮನೆ ಸೇರಿದೆವು. ಮರುದಿನ 9 ಗಂಟೆಗೆ ವಾಶಿಯ ಆಸ್ಪತ್ರೆಯಲ್ಲಿ ಅಮ್ಮನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಏಳೂವರೆಗೆ ಕೆಳಗಿಳಿದು ರಿಮೋಟ್ ಒತ್ತಿದರೆ ಕಾರಿನ ದೀಪ ಮಿಣುಕಲಿಲ್ಲ. ಬಾಗಿಲು ತೆರೆಯಲಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದೆ. ಶೀಲ್ ರಸ್ತೆಯ ಕಡೆಯ ಗ್ಯಾರೇಜಿನವರನ್ನು ಕೇಳಿದರೆ, ‘ಎಲೆಕ್ಟ್ರಿಕ್ ಗಾಡಿಯನ್ನು ಮುಟ್ಟುವುದಿಲ್ಲ, ಶಾಕ್ ಹೊಡೆಯುತ್ತದೆ’ ಎಂದರು. ಮುಕ್ಕಾಲು ಗಂಟೆಯ ಮೇಲೆ ಸಹಾಯವಾಣಿಯ ವಾಹನವೇನೋ ಬಂತು. ಆದರೆ ಅದು ಕೊಕ್ಕೆ ಹಾಕಿ ಎಳೆಯುವಂಥದ್ದು. ಕಾರಿನ ಪಾರ್ಕಿಂಗ್ ಬ್ರೇಕ್ ವಿದ್ಯುತ್ತಿನದ್ದು, ಕರೆಂಟಿಲ್ಲದೆ ಬಿಡುವುದಿಲ್ಲ. ಬಂದವರು ನೋಡಿ ಹೋದರು. ಕ್ಯಾಬ್ ಹಿಡಿದು ಶಿಲ್ಪಾಟಾದ ಟ್ರಾಫಿಕ್ ದಾಟಿ ವಾಶಿ ತಲುಪುವಾಗ ಹತ್ತೂಮುಕ್ಕಾಲು. ನಮ್ಮ ಸರದಿ ತಪ್ಪಿತ್ತು. ಎಂಟು ದಿನ ಬಿಟ್ಟು ಬರಲು ಹೇಳಿದರು.

ಸಂಜೆ ಕಲ್ಯಾಣದಿಂದ ಸಹೋದ್ಯೋಗಿಯೊಬ್ಬರು ಊಟದ ಡಬ್ಬಿಯಷ್ಟು ದೊಡ್ಡ ಬೂಸ್ಟರ್ ಹಿಡಿದು ಬಂದರು. ನನ್ನ ರಿಮೋಟ್ ಕೈಗೆ ತೆಗೆದುಕೊಂಡು ಅದರೊಳಗಿಂದ ಪುಟ್ಟ ಲೋಹದ ಕೀಲಿ ಎಳೆದರು. ಅದು ಅಲ್ಲಿದೆ ಎಂಬುದೇ ಎರಡು ವರ್ಷದಿಂದ ಕಾರು ಓಡಿಸುತ್ತಿದ್ದ ನನಗೆ ಗೊತ್ತಿರಲಿಲ್ಲ. ಬಾಗಿಲು ತೆರೆದು, ಬಾನೆಟ್ ಎತ್ತಿ, ಬೂಸ್ಟರಿನ ಎರಡು ಕ್ಲಿಪ್ ಹಾಕಿದರು. ಹತ್ತೇ ನಿಮಿಷದಲ್ಲಿ ಕಾರು ಎದ್ದಿತು. ಪರದೆಯ ಮೇಲೆ ಚಾರ್ಜ್ ಶೇ 79!

ಆದದ್ದು ಇಷ್ಟೆ. ಎಲೆಕ್ಟ್ರಿಕ್ ಕಾರಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಗಾಡಿ ಓಡಿಸುವ ನೂರಾರು ವೋಲ್ಟಿನ ದೊಡ್ಡದು ಒಂದು. ಪೆಟ್ರೋಲ್ ಕಾರಿನಲ್ಲಿರುವಂಥ 12 ವೋಲ್ಟಿನ ಸಣ್ಣದು ಇನ್ನೊಂದು. ಬಾಗಿಲ ಬೀಗ, ಪರದೆ, ಕಂಪ್ಯೂಟರ್‌ಗಳೆಲ್ಲ ನಡೆಯುವುದು ಸಣ್ಣದರಿಂದ. ಸುರಕ್ಷತೆಗಾಗಿ, ಕಾರು ಆಫ್ ಆದಾಗ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿದುಹೋಗುತ್ತದೆ. ಅದನ್ನು ಮತ್ತೆ ಜೋಡಿಸುವ ಸ್ವಿಚ್ಚಿಗೂ ಬೇಕಾದದ್ದು ಇದೇ 12 ವೋಲ್ಟ್. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದ ಹಾಗೆ. ಕಾರು ಓಡುವಾಗ ದೊಡ್ಡದು ಸಣ್ಣದನ್ನು ತುಂಬಿಸುತ್ತದೆ. ನಿಂತಾಗ ಅಲಾರಂ, ಮೊಬೈಲ್ ಆ್ಯಪ್‌ನ ಸಂಪರ್ಕ ಇತ್ಯಾದಿ ಅದನ್ನು ಹನಿಹನಿಯಾಗಿ ಹೀರುತ್ತವೆ. ಕೆಲವು ಕಾರುಗಳು ನಿಂತಲ್ಲೇ ಆಗಾಗ ತುಂಬಿಸಿಕೊಳ್ಳುತ್ತವೆ, ಎಲ್ಲವೂ ಅಲ್ಲ.

ಪೆಟ್ರೋಲ್ ಕಾರನ್ನು ತಿಂಗಳು ನಿಲ್ಲಿಸಿದರೂ ಬ್ಯಾಟರಿ ಇಳಿಯುವುದಿಲ್ಲವೇ ಎಂದು ಕೇಳಬಹುದು. ಇಳಿಯುತ್ತದೆ. ಆದರೆ ಅಲ್ಲಿ ಮುನ್ಸೂಚನೆ ಇದೆ. ಸ್ಟಾರ್ಟರ್ ಮೋಟರಿಗೆ ಒಮ್ಮೆಲೇ ಭಾರೀ ಕರೆಂಟ್ ಬೇಕು. ಬ್ಯಾಟರಿ ಬಳಲಿದರೆ ಸದ್ದೇ ಬದಲಾಗುತ್ತದೆ, ನಮಗೆ ಕೇಳಿಸುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಸ್ಟಾರ್ಟರೇ ಇಲ್ಲ. ನಿನ್ನೆಯವರೆಗೆ ಎಲ್ಲ ಸರಿಯಿದ್ದು, ಇಂದು ಏಕಾಏಕಿ ಸ್ತಬ್ಧವಾಗುವುದು ಅದಕ್ಕೇ. ಮೇಲಾಗಿ ಪೆಟ್ರೋಲ್ ಕಾರಿಗೆ ಬೀದಿಯ ಯಾವ ಮೆಕ್ಯಾನಿಕ್ ಬೇಕಾದರೂ ಸಾಕು.

ಈ ಸಣ್ಣ ಬ್ಯಾಟರಿಯ ಮಹತ್ವ ಕಂಪನಿಗಳಿಗೆ ಗೊತ್ತಿಲ್ಲವೆಂದಲ್ಲ. 2024ರ ಜೂನ್‌ನಲ್ಲಿ ಹ್ಯುಂಡೈ ಭಾರತದಲ್ಲಿ 1,744 ಅಯಾನಿಕ್ 5 ಕಾರುಗಳನ್ನೂ, ಜುಲೈನಲ್ಲಿ ಕಿಯಾ 1,138 ಇವಿ6 ಕಾರುಗಳನ್ನೂ ತಪಾಸಣೆಗೆ ವಾಪಸ್ ಕರೆದವು. ಚಾರ್ಜಿಂಗ್ ನಿಯಂತ್ರಣ ಘಟಕದ ದೋಷದಿಂದ 12 ವೋಲ್ಟ್ ಬ್ಯಾಟರಿ ಬರಿದಾಗಬಹುದು ಎಂಬುದೇ ಕಾರಣ. ನನ್ನ ಕಾರು ಅವುಗಳಲ್ಲಿ ಒಂದಲ್ಲ. ಅದರಲ್ಲಿ ದೋಷವೇನೂ ಇರಲಿಲ್ಲ, ಸುಮ್ಮನೆ ನಿಂತು ಬರಿದಾಗಿತ್ತು. ಹಾಗೆ ಆಗಬಹುದೆಂದು ಯಾರೂ ಹೇಳಿರಲಿಲ್ಲ ಎಂಬುದೇ ನನ್ನ ದೂರು.

ಕಾರು ಕೊಡುವ ದಿನ ಹೂಮಾಲೆ ಹಾಕುತ್ತಾರೆ, ಫೋಟೊ ತೆಗೆಯುತ್ತಾರೆ, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಮಹಾರಾಷ್ಟ್ರ ಸರ್ಕಾರ 2025ರ ಆಗಸ್ಟ್‌ನಿಂದ ಅಟಲ್ ಸೇತುವಿನಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ ಟೋಲ್ ಮನ್ನಾ ಮಾಡಿದೆ. ಒಳ್ಳೆಯದೇ. ಆದರೆ ಸೇತುವೆ ಹತ್ತಬೇಕಾದರೆ ಕಾರು ಮೊದಲು ಮನೆಯಿಂದ ಹೊರಡಬೇಕಲ್ಲ? ಕೀಲಿ ಎಲ್ಲಿದೆ, 12 ವೋಲ್ಟಿನ ತುದಿಗಳು ಎಲ್ಲಿವೆ ಎಂದು ತೋರಿಸಲು ಐದು ನಿಮಿಷ ಸಾಕು. ಪ್ರತಿ ಸರ್ವಿಸ್‌ನಲ್ಲೂ ಸಣ್ಣ ಬ್ಯಾಟರಿಯ ಸ್ಥಿತಿಯನ್ನು ಬರೆದುಕೊಡಬೇಕು. ಸಹಾಯವಾಣಿಯ ವಾಹನದಲ್ಲಿ ಬೂಸ್ಟರ್ ಇರಬೇಕು. ಎಳೆದೊಯ್ಯಲೇಬೇಕಾದರೆ ನಾಲ್ಕೂ ಚಕ್ರಗಳನ್ನು ಮೇಲಿಡುವ ಲಾರಿ ಬರಬೇಕು. ಡ್ರೈವ್ ಚಕ್ರ ನೆಲದ ಮೇಲೆ ಉರುಳಿದರೆ ಮೋಟರಿಗೇ ಪೆಟ್ಟು. ಬೀದಿಬದಿಯ ಮೆಕ್ಯಾನಿಕ್‌ಗಳಿಗೆ ಕಂಪನಿಗಳೇ ತರಬೇತಿ ಕೊಡಬೇಕು. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬಾರದು, 12 ವೋಲ್ಟಿನ ಕೆಲಸ ಹಳೆಯ ಕಾರಿನಂತೆಯೇ ಎಂಬಷ್ಟು ತಿಳಿದರೂ ಅವರ ಭಯ ಅರ್ಧ ಕಡಿಮೆಯಾಗುತ್ತದೆ.

ಅಲ್ಲಿಯವರೆಗೆ ನಮ್ಮ ಜಾಗ್ರತೆ ನಮಗೆ. ವರ್ಷಕ್ಕೆರಡು ಬಾರಿ ವಾರಗಟ್ಟಲೆ ಕಾರು ನಿಲ್ಲಿಸಿ ಊರಿಗೆ ಹೋಗುವವರು ನಾವು. ಹೊರಡುವ ಮುನ್ನ ಕೈಪಿಡಿಯ ಆ ಪುಟ ಓದಿ. ನಂಬಿಕೆಯ ನೆರೆಯವರಿದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆ ಕಾರು ಆನ್ ಮಾಡಿಡಲು ಹೇಳಿ. ಬೂಸ್ಟರನ್ನು ಕಾರಿನೊಳಗಲ್ಲ, ಮನೆಯಲ್ಲಿಡಿ. ಬಾಗಿಲೇ ತೆರೆಯದಿದ್ದರೆ ಒಳಗಿದ್ದು ಪ್ರಯೋಜನವಿಲ್ಲ. ಬ್ಯಾಟರಿಗೆ ಮೂರು–ನಾಲ್ಕು ವರ್ಷವಾಗಿದ್ದರೆ ಪರೀಕ್ಷೆ ಮಾಡಿಸಿ.

ಎಂಟು ದಿನದ ಮೇಲೆ ಅಮ್ಮನ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಈ ಸಲ ಊರಿಗೆ ಹೊರಡುವಾಗ ಪಕ್ಕದ ಮನೆಯವರಿಗೆ ಕಾರಿನ ಕೀಲಿಯನ್ನೂ ಕೊಟ್ಟು ಹೋಗಿದ್ದೆ.