ಟೈರಿಗೆ ಹೆಸರೊಂದೇ ಸಾಕೆ?



ಹೆದ್ದಾರಿಯಲ್ಲಿ ಟೈರ್ ಸಿಡಿದು ಕಾರು ಮಗುಚಿದಾಗಲೆಲ್ಲ ‘ಒಳ್ಳೇ ಕಂಪನಿಯ ಟೈರೇ ಆಗಿತ್ತಲ್ಲ’ ಎಂಬ ಮಾತು ಕೇಳಿಬರುತ್ತದೆ. ಅಮೆರಿಕದ ಫೈರ್‌ಸ್ಟೋನ್ ಕೂಡ ಒಳ್ಳೇ ಕಂಪನಿಯೇ. 2000ದ ಆಗಸ್ಟ್‌ನಲ್ಲಿ ಅದು ಸುಮಾರು 65 ಲಕ್ಷ ಟೈರುಗಳನ್ನು ವಾಪಸ್ ಪಡೆಯಬೇಕಾಯಿತು. ಓಟದ ನಡುವೆಯೇ ಮೇಲ್ಪದರ ಕಿತ್ತುಬಂದು ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳು ಉರುಳಿದ್ದವು. ಟೈರಿನವರು ಕಾರಿನವರನ್ನು ದೂರಿದರು, ಕಾರಿನವರು ಟೈರಿನವರನ್ನು. ಆ ಜಗಳದಲ್ಲಿ ಚರ್ಚೆಗೆ ಬಂದ ಒಂದು ಸಂಗತಿ, ಫೋರ್ಡ್ ಸೂಚಿಸಿದ್ದ ಗಾಳಿ ಬರೀ 26 ಪಿಎಸ್‌ಐ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಒಳಗೊಳಗೇ ಬಿಸಿಯಾಗುತ್ತದೆ. ಮೇಲೆ ಬೇಸಿಗೆ, ತುಂಬಿದ ಡಿಕ್ಕಿ, ನೂರರ ವೇಗ.

ಬೆಂಗಳೂರು–ಮೈಸೂರು ಹೆದ್ದಾರಿ ಹತ್ತುವ ಮುಂಚೆ ಗಾಳಿ ನೋಡಿಸುವವರು ಎಷ್ಟು ಮಂದಿ? ಸೀಟ್ ಕವರ್‌ಗೆ ಸಾವಿರಾರು ಸುರಿಯುವವರಿಗೂ ಸ್ಟೆಪ್ನಿಯ ನೆನಪಿರುವುದಿಲ್ಲ!

ಗಾಳಿಯಷ್ಟೇ ಅಲ್ಲ, ಟೈರಿನ ವಯಸ್ಸನ್ನೂ ನೋಡಬೇಕು. ಅದರ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. 2321 ಎಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಹಳೇ ಸ್ಟಾಕನ್ನು ಹೊಸದೆಂದು ಸಾಗಹಾಕುವುದನ್ನು ತಡೆಯಲು, ಅಂಗಡಿಯವರು ಈ ಅಂಕಿಗಳನ್ನು ಬಿಲ್ಲಿನಲ್ಲೇ ಬರೆದುಕೊಡುವಂತೆ ಸರ್ಕಾರ ಕಡ್ಡಾಯ ಮಾಡಲಿ.

— ಒಬ್ಬ ಓದುಗ, ಮಂಡ್ಯ