ಹೂವಿಗೆ ಮಾರ್ಕು ಹಾಕೋದು ಅಷ್ಟು ಸುಲಭವೇ?

ಎರಡು ವರ್ಷದ ಹಿಂದಿನ ಮಾತು. ಬಸವನ ಬಾಗೇವಾಡಿಯ ನಮ್ಮ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಮನೆಯಂಗಳದ ತೋಟಗಳಿಗೆ ಒಂದು ಸ್ಪರ್ಧೆ ಇಟ್ಟಿದ್ದೆವು. ಬಿ.ಎ. ಓದಿದ್ದಾಳೆ, ಪತ್ರಿಕೆಗೆ ಅಷ್ಟಿಷ್ಟು ಬರೀತಾಳೆ ಅನ್ನೋ ಒಂದೇ ಕಾರಣಕ್ಕೆ ನನ್ನನ್ನು ನಿರ್ಣಾಯಕಿ ಮಾಡಿಬಿಟ್ಟರು. ಎದೆಗೆ ಬ್ಯಾಡ್ಜು, ಕೈಯಲ್ಲಿ ರಟ್ಟಿನ ಪ್ಯಾಡು. ಒಂದೇ ಮುಂಜಾನೆ ಹದಿನಾಲ್ಕು ಮನೆ ಸುತ್ತಿದೆ.

ಮೊದಲ ಬಹುಮಾನ ಕೊಟ್ಟಿದ್ದು ಒಂದು ಹೊಸ ಮನೆಗೆ. ಗೇಟಿನಿಂದ ಬಾಗಿಲವರೆಗೆ ಸಾಲಾಗಿ ಕುಂಡಗಳು, ಎಲ್ಲಕ್ಕೂ ಒಂದೇ ಕೆಂಪು ಬಣ್ಣ, ತುಂಬ ಪೆಟೂನಿಯ, ಸೇವಂತಿಗೆ. ಒಂದು ಒಣಗಿದ ಎಲೆ ಕೂಡ ಇರಲಿಲ್ಲ. ಹತ್ತಕ್ಕೆ ಒಂಬತ್ತು ಹಾಕಿದೆ. ಹದಿನೈದು ದಿನ ಬಿಟ್ಟು ಅದೇ ದಾರಿಯಲ್ಲಿ ಹೋಗುತ್ತೇನೆ, ಕುಂಡಗಳೇ ಇಲ್ಲ! 'ಅವು ಬಾಡಿಗಿವು ಅಲ್ರೀ ಅಕ್ಕಾರ, ಟಂಟಂದಾಗ ಬಂದಿದ್ವು, ಟಂಟಂದಾಗ ಹೋದ್ವು' ಅಂತ ಹಾಲಿನವನು ನಕ್ಕ.

ಅದನ್ನಾದರೂ ನಕ್ಕು ಮರೆಯಬಹುದಿತ್ತು. ಮರೆಯಲಾಗದ್ದು ಇನ್ನೊಂದು ಮನೆ. ಅಲ್ಲೊಬ್ಬ ಅಜ್ಜಿ ಎಣ್ಣೆ ಡಬ್ಬಿ, ಒಡೆದ ಕೊಡ, ತೂತುಬಿದ್ದ ಬಕೆಟ್ಟಿನಲ್ಲಿ ಅಬ್ಬಲಿಗೆ, ದುಂಡುಮಲ್ಲಿಗೆ, ತುಳಸಿ, ಕರಿಬೇವು ಬೆಳೆಸಿದ್ದರು. ಡಬ್ಬಿಗಳಿಗೆ ತುಕ್ಕು ಹಿಡಿದಿತ್ತು, ಗಿಡದಲ್ಲಿ ಒಂದೂ ಹೂವಿರಲಿಲ್ಲ. 'ಅಚ್ಚುಕಟ್ಟು ಸಾಲದು' ಅಂತ ಬರೆದು ಮೂರು ಮಾರ್ಕು ಹಾಕಿ ಎದ್ದು ಬಂದೆ. ಆಮೇಲೆ ಸಂತೆಯಲ್ಲಿ ಸಿಕ್ಕಾಗ ಅಜ್ಜಿ ಸಿಟ್ಟು ಮಾಡಲಿಲ್ಲ, ಒಂದು ಪ್ರಶ್ನೆ ಕೇಳಿದರು ಅಷ್ಟೆ.

'ಯವ್ವಾ ತಂಗಿ, ನೀ ಬಂದಾಗ ಗಿಡದಾಗ ಹೂವು ಇರ್ಲಿಲ್ಲ ಖರೇ. ನಸುಕಿನ್ಯಾಗ ಬಿಡಿಸಿ ಗುಡಿಗಿ ಕೊಟ್ಟು, ಉಳಿದದ್ದು ಓಣಿ ಹುಡುಗೇರ ಜಡಿಗಿ ಹಂಚಿದ್ದೆ. ಹೂವು ಗಿಡದಾಗ ಇದ್ರಷ್ಟ ಮಾರ್ಕೇನು?'

ನನ್ನ ಬಾಯಿಗೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. 'ನಿರ್ಣಾಯಕರೇ ಕಸ ಅಂದ್ರು, ಇನ್ಯಾಕ ಇವು' ಅಂತ ಮಗ ಡಬ್ಬಿಗಳನ್ನೆಲ್ಲ ಎತ್ತಿಸಿ, ಅಂಗಳಕ್ಕೆ ಫರಸಿ ಹಾಕಿಸಿ ಗಾಡಿ ನಿಲ್ಲಿಸಲು ಜಾಗ ಮಾಡಿದ್ದ. ಕಸ ಅಂತ ನಾನು ಅಂದಿರಲಿಲ್ಲ. ಆದರೆ ನನ್ನ ಮೂರು ಮಾರ್ಕಿಗೆ ಆ ಮನೆಯಲ್ಲಿ ಅದೇ ಅರ್ಥ ಬಂದಿತ್ತು.

ಹಾಗಾದರೆ ಪ್ರದರ್ಶನ, ಸ್ಪರ್ಧೆ ಎಲ್ಲ ಬೇಡವೇ? ಗಿಡ ಬೆಳೆಸುವ ನನ್ನ ಬಳಗವನ್ನೇ ಕೇಳಿದೆ. ಇಂಡಿಯಲ್ಲಿರುವ ನಮ್ಮ ದೊಡ್ಡವ್ವ ಲಿಂಬೆ ತೋಟದವರು. 2023ರಲ್ಲಿ ಜಿಐ ಟ್ಯಾಗ್ ಸಿಕ್ಕ ಇಂಡಿ ಲಿಂಬೆ ಗೊತ್ತಲ್ಲ? 'ನಮ್ಮ ಲಿಂಬಿ ಗಿಡಾನೂ ಹೂವು ಬಿಡ್ತೈತಿ. ಅದನ್ನ ನೋಡಾಕ ಯಾರೂ ಟಿಕೀಟು ತಗ್ಸೂದಿಲ್ಲ. ವಾಸನಿ ಬೇಕಂದ್ರ ತ್ವಾಟಕ್ಕ ಬಾ' ಅಂದರು. ಸಿಂದಗಿಯ ವೈನಿ ಇನ್ನೂ ಖಾರ: 'ಅಲ್ಲಿ ಹೂವು ಎಲ್ಲಿ ಕಾಣ್ತಾವ? ಮಂದಿ ಫೋಟೋ ತಗಸ್ಕೊಳ್ಳೂದ ಕಾಣ್ತೈತಿ.' ಆದರೆ ಮುದ್ದೇಬಿಹಾಳದ ಗೆಳತಿ ಒಪ್ಪಲಿಲ್ಲ. ವಿಜಯಪುರದಲ್ಲಿ ಒಮ್ಮೆ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ತಾರಸಿ ತೋಟದ ಮಾದರಿ ನೋಡಿ ಬಂದವಳು, ಈಗ ಹಳೆ ಟಬ್ಬುಗಳಲ್ಲಿ ಮೆಂತ್ಯ, ಪಾಲಕ, ಬದನೆ ಬೆಳೆಯುತ್ತಾಳೆ. 'ಅಲ್ಲಿ ಹೋಗದಿದ್ರ ನನಗ ಧೈರ್ಯನ ಬರ್ತಿರ್ಲಿಲ್ಲ' ಅನ್ನುತ್ತಾಳೆ.

ನನಗೆ ಮೂವರ ಮಾತೂ ನಿಜ ಅನಿಸಿತು. 2024ರ ಜನವರಿಯಲ್ಲಿ ಲಾಲ್‌ಬಾಗ್ ಪ್ರದರ್ಶನದ ವಿಷಯ ಬಸವಣ್ಣ ಮತ್ತು ವಚನ ಸಾಹಿತ್ಯ. ಬಸವಣ್ಣನ ಊರಿನವರು ಹೋಗದಿದ್ದರೆ ಹೇಗೆ ಅಂತ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮನೆಮಂದಿಯೆಲ್ಲ ಹೋಗಿದ್ದೆವು. 1889ರಲ್ಲಿ ಅಡಿಗಲ್ಲು ಹಾಕಿದ ಆ ಗಾಜಿನ ಮನೆಯೊಳಗೆ ಹೂವಿನ ಅನುಭವ ಮಂಟಪ ಕಂಡಾಗ ನಮ್ಮ ಅತ್ತೆ ನಿಂತಲ್ಲೇ ಕೈಮುಗಿದರು. ಎರಡು ನಿಮಿಷ ನಿಲ್ಲಲು ಬಿಡದಂತೆ ನೂಕುನುಗ್ಗಲು. ಮನಸ್ಸು ತುಂಬಿದ್ದೂ ಹೌದು, ಕಾಲು ತುಳಿಸಿಕೊಂಡದ್ದೂ ಹೌದು.

ಆದರೆ ಲಾಲ್‌ಬಾಗ್ ಅಂದರೆ ಗಾಜಿನ ಮನೆ ಒಂದೇ ಅಲ್ಲ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಹೊತ್ತಿಗೆ ವರ್ಷಕ್ಕೆರಡು ಸಲ ತೋಟಗಾರಿಕೆ ಇಲಾಖೆ ಜೊತೆ ಪ್ರದರ್ಶನ ನಡೆಸುವ ಮೈಸೂರು ಉದ್ಯಾನ ಕಲಾ ಸಂಘ ಹುಟ್ಟಿದ್ದು 1912ರಲ್ಲಿ, ಜರ್ಮನಿಯಿಂದ ಬಂದ ತೋಟಗಾರ ಜಿ.ಎಚ್. ಕ್ರುಂಬಿಗಲ್ ಅವರ ಕಾಲದಲ್ಲಿ. ಪ್ರದರ್ಶನದ ಜೊತೆಗೆ ಇಕೆಬಾನ, ತರಕಾರಿ ಕೆತ್ತನೆ, ಬೋನ್ಸಾಯ್ ಸ್ಪರ್ಧೆಗಳಿರುತ್ತವೆ, ಮನೆ ತೋಟ, ತಾರಸಿ ತೋಟಗಳಿಗೂ ಸ್ಪರ್ಧೆ ಇರುತ್ತದೆ. ಮನೆಯಲ್ಲಿ ಗಿಡ ಬೆಳೆಸುವ ಹೆಂಗಸು ಕೂಡ ತೋಟಗಾರ್ತಿ ಅಂತ ಮಾನ್ಯ ಮಾಡುವ ಜಾಗ ಅದು. ಅಷ್ಟು ಗೌರವ ನಮಗೆ ಇನ್ನೆಲ್ಲಿ ಸಿಗುತ್ತದೆ ಹೇಳಿ?

ತೊಂದರೆ ಇರೋದು ಮಾರ್ಕು ಹಾಕುವ ರೀತಿಯಲ್ಲಿ. ಲಂಡನ್ನಿನ ಚೆಲ್ಸಿಯಲ್ಲಿ 1913ರಿಂದ ನಡೆಯುತ್ತ ಬಂದಿರುವ ದೊಡ್ಡ ಹೂವಿನ ಪ್ರದರ್ಶನದ ಬಗ್ಗೆ ಓದುವಾಗ ನನಗೊಂದು ಸಂಗತಿ ತಿಳಿಯಿತು. ಅಲ್ಲಿ ಪದಕ ಕೊಡುವಾಗ ಒಂದು ತೋಟವನ್ನು ಇನ್ನೊಂದರ ಜೊತೆ ಹೋಲಿಸುವುದಿಲ್ಲ. ತೋಟ ಮಾಡುವವರು ಮೊದಲೇ 'ಇದು ಯಾರಿಗೆ, ಯಾತಕ್ಕೆ' ಅಂತ ಬರೆದು ಕೊಡಬೇಕು. ಆ ಮಾತನ್ನು ತೋಟ ಎಷ್ಟು ಉಳಿಸಿಕೊಂಡಿದೆ ಅನ್ನೋದನ್ನು ನಿರ್ಣಾಯಕರು ನೋಡುತ್ತಾರೆ. ಹಾಗಾಗಿ ಒಂದೇ ವರ್ಷ ಹಲವು ತೋಟಗಳಿಗೆ ಚಿನ್ನ ಬರುತ್ತದೆ.

ಓದಿ ಎದೆ ಧಸಕ್ಕೆಂದಿತು. 'ಈ ತೋಟ ಯಾತಕ್ಕೆ ಅಜ್ಜಿ?' ಅಂತ ನಾನು ಒಂದು ಮಾತು ಕೇಳಿದ್ದರೆ, 'ಗುಡಿಗೆ, ಹುಡುಗೇರ ಜಡಿಗೆ, ಸಾರಿನ ಒಗ್ಗರಣೆಗೆ' ಅಂತಿದ್ದರು. ಆ ಲೆಕ್ಕದಲ್ಲಿ ಹತ್ತಕ್ಕೆ ಹತ್ತು! ಖಾಲಿ ಗಿಡವೇ ಅದಕ್ಕೆ ಸಾಕ್ಷಿಯಾಗಿತ್ತು.

ಇನ್ನೊಂದು ಮಾತು ನೀರಿನದು. ಬೆಂಗಳೂರಿನ ಕಣ್ಣಿನಿಂದ ನಮ್ಮ ತೋಟ ನೋಡಬಾರದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಆಲಮಟ್ಟಿ ಅಣೆಕಟ್ಟೆಯ ಬುಡದಲ್ಲಿ ರಾಕ್ ಗಾರ್ಡನ್ ನಳನಳಿಸುತ್ತದೆ ಅಂತ ನಮ್ಮ ಹಿತ್ತಲೂ ಹಾಗೇ ಇರಲು ಸಾಧ್ಯವೇ? ನಮ್ಮಲ್ಲಿ ಅಕ್ಕಿ ತೊಳೆದ ನೀರಿಗೂ ಲೆಕ್ಕವಿದೆ. ಏಪ್ರಿಲ್ ತಿಂಗಳಲ್ಲಿ ಒಂದು ಮಲ್ಲಿಗೆ ಬಳ್ಳಿಯನ್ನು ಜೀವಂತ ಉಳಿಸಿದವಳಿಗೆ ಜನವರಿಯ ನೂರು ಸೇವಂತಿಗೆಗಿಂತ ಹೆಚ್ಚು ಮಾರ್ಕು ಸಲ್ಲಬೇಕು.

ಆದ್ದರಿಂದ ಗೆಳತಿಯರೇ, ನಿಮ್ಮ ಓಣಿಯಲ್ಲೋ ಸಂಘದಲ್ಲೋ ಸ್ಪರ್ಧೆ ಇಟ್ಟರೆ ಇಷ್ಟು ಮಾಡಿ. ಒಂದೇ ಸಲ ನೋಡಿ ಮಾರ್ಕು ಹಾಕಬೇಡಿ. ಜನವರಿಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ, ಹೇಳದೆ ಹೋಗಿ. ಮಾಲಿ ಇಟ್ಟುಕೊಂಡವರ ತೋಟ ಬೇರೆ, ತಾವೇ ಕೈ ಕೆಸರು ಮಾಡಿಕೊಂಡವರ ತೋಟ ಬೇರೆ ವಿಭಾಗ ಮಾಡಿ. ನೀರು ಎಲ್ಲಿಯದು, ಗೊಬ್ಬರ ಎಲ್ಲಿಯದು, ಟೊಂಗೆ ನೆಟ್ಟು ಬೆಳೆಸಿದ್ದೆಷ್ಟು, ಕೊಂಡು ತಂದದ್ದೆಷ್ಟು ಕೇಳಿ. ಸೋತವರ ಮನೆಗೂ ಹೋಗಿ ಒಂದು ಒಳ್ಳೆ ಮಾತು ಹೇಳಿ ಬನ್ನಿ. ಬಹುಮಾನಕ್ಕೆ ಸ್ಟೀಲಿನ ಡಬ್ಬಿ ಬೇಡ, ಒಂದು ಸಸಿ ಕೊಡಿ.

ಪ್ರದರ್ಶನಕ್ಕೆ ಹೋಗುವವರಿಗೂ ಒಂದೆರಡು ಮಾತು. ರಜೆಯ ದಿನ ಬಿಟ್ಟು ವಾರದ ನಡುವೆ ಮುಂಜಾನೆಯೇ ಹೋಗಿ. ಒಂದು ಪುಟ್ಟ ನೋಟ್‌ಬುಕ್ ಇರಲಿ, ಹಿಡಿಸಿದ ಗಿಡದ ಹೆಸರು ಬರೆದುಕೊಳ್ಳಿ. ಕೆಲಸ ಮಾಡುವ ಮಾಲಿಗಳನ್ನು ಮಾತಾಡಿಸಿ, ಅವರಷ್ಟು ಚೆಂದ ಹೇಳಿಕೊಡುವವರಿಲ್ಲ. ಸಸಿ ಕೊಳ್ಳುವಾಗ ಅರಳಿ ನಿಂತದ್ದಕ್ಕೆ ಮರುಳಾಗದೆ ಮೊಗ್ಗಿರುವುದನ್ನು ಆರಿಸಿ, ಎಲೆಯ ಕೆಳಗೆ ಹುಳ ಇದೆಯೇ ನೋಡಿ. ಪೆಟೂನಿಯ, ಪ್ಯಾನ್ಸಿಯಂಥವು ಚಳಿಗಾಲದ ನೆಂಟರು, ನಮ್ಮ ಬಿಸಿಲಿಗೆ ಬಾಳುವುದಿಲ್ಲ. ಕಾಗದದ ಹೂವು, ಕಣಗಲ, ದಾಸವಾಳ, ಸದಾಪುಷ್ಪ ತನ್ನಿ, ನಿಮ್ಮ ನಂಬಿಕೆ ಉಳಿಸುತ್ತವೆ.

ಅಜ್ಜಿಯ ಅಂಗಳದ ಫರಸಿಯನ್ನು ನಾನು ಕೀಳಿಸಲಾರೆ. ಡಬ್ಬಿಗಳನ್ನು ಎತ್ತಿಸುವ ಮುಂಚೆ ಅವರು ದುಂಡುಮಲ್ಲಿಗೆಯ ಎರಡು ಟೊಂಗೆ ಮುರಿದು ಹಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರಂತೆ. ಸಂತೆಯ ದಿನ 'ನೀನರ ಹಚ್ಚು' ಅಂತ ನನಗೇ ಕೊಟ್ಟರು. ಒಂದು ಒಣಗಿತು, ಒಂದು ಬದುಕಿತು. ಈ ಬೇಸಿಗೆಯಲ್ಲಿ ಮೊದಲ ಸಲ ಮೈತುಂಬ ಹೂ ಬಿಟ್ಟಿತ್ತು. ನಸುಕಿನಲ್ಲೇ ಬಿಡಿಸಿ, ಬೊಗಸೆ ತುಂಬ ಒಯ್ದು ಅವರ ಕೈಗಿಟ್ಟು ಬಂದೆ. ಬಿಸಿಲೇರುವ ಹೊತ್ತಿಗೆ ನನ್ನ ಗಿಡದಲ್ಲಿ ಒಂದೂ ಹೂವಿರಲಿಲ್ಲ.